ಈರೇಶನ ತೋಳುಚೀಲ

ನಾನು ಒಂದು ತೋಳುಚೀಲ. ಬಟ್ಟೆಯ ಚೂರು ಜೋಡಿಸಿ ಹೊಲಿದ ಹಳೆಯ ಕೌದಿಯ ತುಂಡು, ಒಳಗೆ ನಾಲ್ಕು ಬಿದಿರಿನ ಪಟ್ಟಿ, ಮೇಲೆ ಮೂರು ಜೊತೆ ಲಾಡಿ. ಇಷ್ಟೇ ನನ್ನ ಮೈ. ನನ್ನನ್ನು ತೊಟ್ಟರೆ ಮೊಣಕೈ ಮಡಚಲು ಬರುವುದಿಲ್ಲ. ನಾನು ಬಲಗೈಯವನು, ಎಡಗೈಗೆ ನನ್ನ ತಮ್ಮನಿದ್ದಾನೆ, ಅವನದು ಮಾತು ಕಡಿಮೆ. ನಮ್ಮನ್ನು ಕಂಡವರೆಲ್ಲ ಮುಖ ಸಿಂಡರಿಸಿದ್ದಾರೆ. ಸಿಂಡರಿಸಲಿ, ನನಗೇನು!

ಬೆಟಗೇರಿಯ ದರ್ಜಿ ಫಕೀರಪ್ಪ ನನ್ನನ್ನು ಹೊಲಿದದ್ದು ತನ್ನ ನಾಲ್ಕು ವರ್ಷದ ಮಗ ಈರೇಶನಿಗೆ. ಹುಡುಗನಿಗೆ ನಡೆಯಲು ಬಾರದು, ಮಾತು ತೊದಲು, ನಗು ಮಾತ್ರ ಮನೆ ತುಂಬ. ಕೂಸಿದ್ದಾಗ ಅವನ ಲಂಗೋಟಿಯಲ್ಲಿ ಕಿತ್ತಳೆ ಬಣ್ಣದ ಉಸುಕು ಕಾಣುತ್ತಿತ್ತಂತೆ. ಹಲ್ಲು ಬಂದ ಮೇಲೆ ತನ್ನ ತುಟಿಯನ್ನೂ ಬೆರಳನ್ನೂ ತಾನೇ ಕಚ್ಚತೊಡಗಿದ. ನೋವಿಗೆ ಚೀರುತ್ತಿದ್ದ, ಚೀರುತ್ತಲೇ ಮತ್ತೆ ಕಚ್ಚುತ್ತಿದ್ದ.

ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ಫಕೀರಪ್ಪ ನನ್ನನ್ನು ಹೊಲಿಯುತ್ತ ಹೆಂಡತಿ ನಾಗವ್ವನಿಗೆ ಮತ್ತೆ ಬಿಡಿಸಿ ಹೇಳುತ್ತಿದ್ದ. ಮೈಯೊಳಗೆ ಹಳೆಯ ಜೀವಕೋಶ ಸವೆದಾಗ ಪ್ಯೂರಿನ್ ಎಂಬ ಚೂರುಗಳು ಉಳಿಯುತ್ತವೆ. ಅವನ್ನು ಆಯ್ದು ಮತ್ತೆ ಬಳಕೆಗೆ ತರುವುದು ಒಂದು ಕಿಣ್ವ. ಈರೇಶನಲ್ಲಿ ಅದು ಹುಟ್ಟಿನಿಂದಲೇ ಕೆಲಸ ಮಾಡುತ್ತಿಲ್ಲ.

"ಚೂರು ಬೀಳ್ತಾವು, ಕೌದಿ ಹೊಲಿಯೋರಿಲ್ಲ. ಅಷ್ಟ ನೋಡ," ಎಂದ ಫಕೀರಪ್ಪ. "ಚೂರೆಲ್ಲಾ ಕಿಡ್ನ್ಯಾಗ ಹರಳಾಗ್ತಾವಂತ. ಅದಕ್ಕ ಗುಳಿಗಿ ಐತಿ. ಕಚ್ಚೂದಕ್ಕ ಇಲ್ಲ."

ಡಾಕ್ಟರು ಇನ್ನೊಂದು ಮಾತೂ ಹೇಳಿದ್ದರು. ಇದು ತಾಯಿಯಿಂದ ಗಂಡುಮಕ್ಕಳಿಗೆ ಬರುವ ರೋಗ, ತಾಯಿಗೆ ಏನೂ ಆಗಿರುವುದಿಲ್ಲ. ನಾಗವ್ವನ ತಂಗಿ ಕಸ್ತೂರಿಯಲ್ಲೂ ಇದು ಅಡಗಿದ್ದೀತು, ಅವಳಿಗೆ ಮಕ್ಕಳಾಗುವ ಮೊದಲೇ ಪರೀಕ್ಷೆ ಮಾಡಿಸಿ ಎಂದು. ನಾಗವ್ವ ಗಂಡನ ಕೈ ಹಿಡಿದಳು.

"ಕಸ್ತೂರಿಗೆ ಹೇಳಬ್ಯಾಡ್ರಿ. ಈಗ ಗಂಡ ನೋಡಾಕ ಹತ್ತೇವಿ. ಗೊತ್ತಾದ್ರ ಆಕೀನ್ನ ಯಾರ ಮಾಡ್ಕೋತಾರ?"

ಮಶೀನು ಒಂದು ಗಳಿಗೆ ನಿಂತು ಮತ್ತೆ ಓಡಿತು.

ಮೊದಲ ದಿನ ನನ್ನನ್ನು ಕಟ್ಟುವಾಗ ನಾಗವ್ವ ಅತ್ತಳು. ಈರೇಶ ಅಳಲಿಲ್ಲ. "ಬಿಗಿ ಅವ್ವಾ, ಇನ್ನಾ ಬಿಗಿ," ಎಂದ. ಕಟ್ಟಿದ ಮೇಲೆ ಅವನ ಮೈಯ ನಡುಕ ಇಳಿದು, ಕಿಸಿಕಿಸಿ ನಕ್ಕ. ಓಣಿಯವರು ಬಿಟ್ಟಾರೆಯೇ? "ಹೆತ್ತ ಮಗನ್ನ ಕಳ್ಳನ್ನ ಕಟ್ಟಿದಂಗ ಕಟ್ಟ್ಯಾಳ," ಎಂದು ನಾಗವ್ವನ ಬೆನ್ನ ಹಿಂದೆ ಆಡಿಕೊಂಡರು. ನನಗೆ ಬಾಯಿದ್ದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ.

ಹುಡುಗ ಬೆಳೆದಂತೆ ಫಕೀರಪ್ಪ ನನಗೂ ತುಂಡು ಸೇರಿಸಿ ಉದ್ದ ಮಾಡುತ್ತ ಬಂದ. ಈರೇಶನಿಗೆ ಒಂಬತ್ತು ತುಂಬಿದಾಗ ಕಸ್ತೂರಿ ಏಳು ತಿಂಗಳ ಬಸುರಿಯಾಗಿ ಬಂದಳು. ತಾಯಿ ತಂದೆ ಇಲ್ಲದ ಅವಳಿಗೆ ಅಕ್ಕನ ಮನೆಯೇ ತವರು, ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕುಬಸವೂ ಅಲ್ಲೇ. ಬಸುರಿಯ ಪಕ್ಕ ಗಂಡುಹುಡುಗನನ್ನು ಕೂರಿಸಿ ಅವನ ಕೈಯಿಂದ ಬೆಲ್ಲದ ಮಾದಲಿಯ ಸಿಹಿ ತಿನ್ನಿಸುವುದು ಅವರ ಮನೆತನದ ಪದ್ಧತಿ. ಹಾಗೆ ಮಾಡಿದರೆ ಗಂಡು ಹುಟ್ಟುತ್ತದಂತೆ. ನಾಗವ್ವ ಅಡುಗೆಮನೆಯಲ್ಲಿದ್ದಳು. ಯಾರೋ ಮುದುಕಿ, "ಕಟ್ಟಿದ ಕೈಲೆ ಶುಭಕಾರ್ಯ ಮಾಡ್ತಾರೇನ?" ಎಂದಳು. ಒಂದು ತುತ್ತಿಗೇನಾದೀತು ಎಂದು ಕಸ್ತೂರಿ ಪ್ರೀತಿಯಿಂದಲೇ ನನ್ನ ಲಾಡಿಗೆ ಕೈ ಹಾಕಿದಳು.

"ಬ್ಯಾಡ ಚಿಗವ್ವಾ! ಬಿಚ್ಚಬ್ಯಾಡ!"

ನಾಚಿಕೆಯೆಂದು ಹೆಂಗಸರು ನಕ್ಕರು. ನಾನು ಜಾರಿ ಚಾಪೆಗೆ ಬಿದ್ದೆ. ಈರೇಶ ನಡುಗುವ ಕೈಯಿಂದ ಒಂದು ತುತ್ತು ಚಿಗವ್ವನ ಬಾಯಿಗೆ ಇಟ್ಟ. ಆಮೇಲೆ ಆ ಕೈ ಅವನದೇ ಬಾಯಿಗೆ ಹೋಯಿತು. ನಾಗವ್ವ ಓಡಿ ಬರುವಷ್ಟರಲ್ಲಿ ತೋರುಬೆರಳಿನ ತುದಿ ಇರಲಿಲ್ಲ.

"ನಾ ಅಲ್ಲವ್ವಾ," ಎಂದು ಹುಡುಗ ಅತ್ತ. "ಕೈ ತಾನ ಹೋತು."

ಕಸ್ತೂರಿ ಗೋಡೆಗೆ ತಲೆ ಚಚ್ಚಿಕೊಂಡಳು. ತಂಗಿಯ ಹೊಟ್ಟೆ ಕಣ್ಣೆದುರೇ ಇದ್ದರೂ ನಾಗವ್ವ ಆಗಲೂ ಹೇಳಲಿಲ್ಲ. ಅಯ್ಯೋ, ಆ ದಿನ ನನಗೆ ಅವಳ ಮೇಲೂ ಸಿಟ್ಟು ಬಂತು.

ಗಂಡೇ ಹುಟ್ಟಿತು. ತಂಗಿಯ ಗಂಡನ ಮನೆಗೆ ಹೋಗಿ ತೊಟ್ಟಿಲು ನೋಡಿ ಬಂದ ನಾಗವ್ವ ನನ್ನ ಲಾಡಿ ಕಟ್ಟಲು ಕೂತಳು. "ನಿನ್ನ ತಮ್ಮನ ಲಂಗೋಟ್ಯಾಗೂ ಉಸುಕೈತಪ್ಪಾ," ಎಂದು ಮಗನ ಭುಜಕ್ಕೆ ಮುಖ ಒತ್ತಿದಳು. ಆ ದಿನವೇ ತಂಗಿಗೆ ಫೋನಿನಲ್ಲಿ ಎಲ್ಲ ಹೇಳಿದಳು. ಕಸ್ತೂರಿ ಫೋನು ಇಟ್ಟಳು. ಮತ್ತೆ ಬರಲಿಲ್ಲ.

ಹನ್ನೊಂದನೆಯ ವರ್ಷಕ್ಕೆ ಈರೇಶನ ಕಿಡ್ನಿಗಳು ಸೋತವು. ಅವನು ಹೋದ ದಿನ ನಾಗವ್ವ ನನ್ನನ್ನು ಬಿಚ್ಚಿದಳು. ಆ ಕೈ ಎಲ್ಲಿಗೂ ಹೋಗಲಿಲ್ಲ. ನಮ್ಮಿಬ್ಬರನ್ನೂ ಒಗೆದು ಟ್ರಂಕಿನ ತಳಕ್ಕೆ ಇಟ್ಟಳು. ನುಸಿ ತಿನ್ನಲಿ, ಇಲಿ ಕಡಿಯಲಿ, ಮತ್ತೆ ಕೆಲಸ ಬರದಿರಲಿ ಎಂದು ಬೇಡಿಕೊಂಡೆ. ಬೇರೆ ವಸ್ತುಗಳು ಮೂಲೆ ಸೇರಿದರೆ ಅಳುತ್ತವೆ. ನನಗೆ ಮೂಲೆಯೇ ಬೇಕಿತ್ತು.

ಕೆಲವೇ ತಿಂಗಳಲ್ಲಿ ಟ್ರಂಕು ತೆರೆಯಿತು. ಕಸ್ತೂರಿ ನಿಂತಿದ್ದಳು, ಕಂಕುಳಲ್ಲಿ ಎರಡು ವರ್ಷದ ಮಗ ಬಸು, ಅವನ ಕೆಳದುಟಿ ಹರಿದು ಕಪ್ಪಾಗಿತ್ತು.

"ನನಗ ಗೊತ್ತಿತ್ತು ಕಸ್ತೂರಿ, ನಿನಗ ಹೇಳಲಿಲ್ಲ," ಎಂದಳು ನಾಗವ್ವ.

"ಈರೇಶ ಬ್ಯಾಡಂದ್ರೂ ನಾ ಬಿಚ್ಚಿದ್ನಲ್ಲಕ್ಕಾ."

ಇಬ್ಬರೂ ಅಪ್ಪಿಕೊಂಡು ಅತ್ತರು. ಫಕೀರಪ್ಪ ನಮ್ಮಿಬ್ಬರನ್ನೂ ಅರ್ಧಕ್ಕೆ ಕತ್ತರಿಸಿ ಅಂಚು ಹೊಲಿದ. ಕಸ್ತೂರಿಯೇ ನನ್ನನ್ನು ಮಗನ ಕೈಗೆ ತೊಡಿಸಿದಳು. ಲಾಡಿ ಎಳೆಯಲು ಅವಳಿಗೆ ಮನಸ್ಸು ಬಾರದು.

"ಬಿಗಿ ಕಟ್ಟವ್ವಾ," ಎಂದಳು ನಾಗವ್ವ. "ನಮ್ಮ ಈರೇಶ ಹಂಗ ಅಂತಿದ್ದ."

ಕಸ್ತೂರಿ ಬಿಗಿದಳು. ಬಸುವಿನ ಅಳು ನಿಂತಿತು. ಮಾತು ಬಾರದ ಆ ಕೂಸು ತಾಯಿಯ ಮುಖ ನೋಡಿ, ಎಡಗೈಯನ್ನೂ ಮುಂದೆ ಚಾಚಿತು.