ಕಿತ್ತಳೆ ಬಣ್ಣದ ಬಯಲು

ಸಂಘದ ಹಾಲ್ ಹಿಂದಿನ ಬಯಲಿನ ಬೇಲಿಗೆ ನಗರಸಭೆಯವರು ಬಿಳಿ ಹಲಗೆ ತಗುಲಿಸಿ ಹೋದ ದಿನ ಸಾನ್ ಅಮಾರೋದಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ರಸ್ತೆಯಾಚೆ ತನ್ನ ಕಿಟಕಿಯಲ್ಲಿ ನಿಂತಿದ್ದ ಇದಲೀನಾಗೆ ಅದು ಕಂಡದ್ದೇ ಹೊತ್ತು ಏರಿದ ಮೇಲೆ. ಬೇಲಿಯ ಮೇಲೆ ಯಾರೋ ಬೆಡ್‌ಶೀಟ್ ಒಣಹಾಕಿದ್ದಾರೆ ಅಂದುಕೊಂಡಳು. ಈ ಮಂಜಿನಲ್ಲಿ ಬಟ್ಟೆ ಒಣಹಾಕುವ ಪೆದ್ದರು ಯಾರಪ್ಪಾ ಎಂದು ಕೋಟು ಏರಿಸಿ ಕೆಳಗಿಳಿದಳು.

ಅಷ್ಟುದ್ದದ ಇಂಗ್ಲಿಷು ಅವಳ ಓದಿಗೆ ಎಟುಕುವಂಥದ್ದಲ್ಲ. ಹಾಲ್‌ನ ಬಾಗಿಲು ತೆರೆಯುತ್ತಿದ್ದ ಸಂಘದ ಕಾರ್ಯದರ್ಶಿ ಲಿಯೊನೆಲ್‌ನನ್ನು ಕೂಗಿದಳು. ಐವತ್ತು ದಾಟಿದ ಲಿಯೊನೆಲ್‌ಗೂ ಅವಳು ತೀಯಾ, ಅಂದರೆ ಚಿಕ್ಕಮ್ಮ. ಅಜೋರ್ಸ್ ದ್ವೀಪದಿಂದ ಆ ಊರಿಗೆ ವಲಸೆ ಬಂದ ಪೋರ್ಚುಗೀಸ್ ಮಂದಿಗೆಲ್ಲ ಅವಳು ತೀಯಾನೇ.

"ಏನೋ ಇದು? ನಮ್ಮ ಬಯಲು ಹರಾಜಾ?"

"ಹರಾಜಲ್ಲ ತೀಯಾ. ಜಾಗದ ವಲಯ ಬದಲಾಯಿಸ್ತಾರಂತೆ, ಮನೆಗಳ ವಲಯ ಅಂತ. ಮುಂದಿನ ಎಂಟು ವರ್ಷದಲ್ಲಿ ನಾನೂರ ಎಂಬತ್ತು ಮನೆಗೆ ಜಾಗ ತೋರಿಸಿ ಅಂತ ರಾಜ್ಯ ಸರ್ಕಾರ ನಮ್ಮೂರಿಗೆ ಹೇಳಿದೆ. ಖಾಲಿ ಜಾಗ ಎಲ್ಲೆಲ್ಲಿದೆ ಅಂತ ಹುಡುಕ್ತಿದಾರೆ."

"ಖಾಲಿನಾ? ಇದು ಖಾಲಿನಾ?"

ಲಿಯೊನೆಲ್ ಬೀಗದ ಕೈ ತಿರುಗಿಸುತ್ತ ಮುಖ ಆ ಕಡೆ ಮಾಡಿದ. "ನಂದೇ ತಪ್ಪು. ಹೋದ ವರ್ಷ ಕಾಗದ ಕಳಿಸಿದ್ರು. ವರ್ಷಕ್ಕೆ ಎಷ್ಟು ದಿನ ಈ ಜಾಗ ಬಳಸ್ತೀರಿ ಅಂತ. ನಾನು ಒಂದು ದಿನ ಅಂತ ಬರೆದೆ. ದಪ್ಪಕ್ಷರದಲ್ಲಿ ಬರೆದೆ ತೀಯಾ, ಹಬ್ಬದ ದಿನ ಅಂತ."

ಇದಲೀನಾಗೆ ನಗು ಬಂತು. ಅದನ್ನು ಓದಿದ ನಗರಸಭೆಯವರು ಏನು ತಿಳಿದರೋ, ಸಂಘದ ಯಾರನ್ನು ಕೇಳಿದ್ದರೂ ಹಾಗೇ ಬರೆಯುತ್ತಿದ್ದರು. ಪವಿತ್ರಾತ್ಮ ಹಬ್ಬದ ಆ ಒಂದು ಭಾನುವಾರಕ್ಕಾಗಿಯೇ ಬಯಲು, ಹಾಲ್, ಸಂಘ ಎಲ್ಲ ಇದ್ದದ್ದು. ಹಸುಗಳಿಗೆ ಕಾಗದದ ಹೂ ಕಟ್ಟಿ ಆ ಬಯಲಲ್ಲಿ ನಿಲ್ಲಿಸುತ್ತಿದ್ದರು. ಹಾಲ್‌ನಲ್ಲಿ ದೊಡ್ಡ ಹಂಡೆಗಳಲ್ಲಿ ಮಾಂಸ, ಕೋಸು, ಚಕ್ಕೆ ಬೇಯುತ್ತಿತ್ತು. ಆ ಸಾರನ್ನು ರೊಟ್ಟಿಯ ಮೇಲೆ ಸುರಿದು, ಪುದೀನ ಹಾಕಿ, ಬಂದವರಿಗೆಲ್ಲ ಪುಕ್ಕಟೆ ಬಡಿಸುತ್ತಿದ್ದರು. ನೀನು ಯಾರು, ಯಾವ ಮತ, ಎಲ್ಲಿಯವ ಎಂದು ಯಾರನ್ನೂ ಕೇಳುವಂತಿರಲಿಲ್ಲ.

"ಎಷ್ಟು ಮನೆ ಬರುತ್ತಂತೆ ಇಲ್ಲಿ?"

"ಎಪ್ಪತ್ತು. ಮೂರಂತಸ್ತು. ದುಡಿಯೋ ಜನಕ್ಕೆ, ವಯಸ್ಸಾದೋರಿಗೆ ಅಂತ ಬರೆದಿದೆ. ಇಪ್ಪತ್ತನೇ ತಾರೀಕು ಸಭೆ. ಬೇಡ ಅನ್ನೋರು ಬಂದು ಹೇಳ್ಬಹುದು."

"ಬೇಕು ಅನ್ನೋರು?"

ಲಿಯೊನೆಲ್ ಈಗ ತಿರುಗಿ ನೋಡಿದ. ಅವಳ ಮನಸ್ಸಿನಲ್ಲಿ ಯಾರಿದ್ದಾರೆ ಎಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಂಗಿ ಝುಲ್ಮಿರಾ. ಇದಲೀನಾಗೆ ಎಪ್ಪತ್ತೈದು, ಅವಳಿಗೆ ಎಪ್ಪತ್ತೊಂದು. ದ್ವೀಪ ಬಿಟ್ಟು ಒಂದೇ ವಿಮಾನದಲ್ಲಿ ಬಂದವರು, ಹೊಲದ ಒಂದೇ ಸಾಲಿನಲ್ಲಿ ಬಗ್ಗಿ ನಿಂಬೆಗಾತ್ರದ ಮರಿಕೋಸು ಕಿತ್ತವರು, ಒಂದೇ ಬೀದಿಯಲ್ಲಿ ನಲವತ್ತೆರಡು ವರ್ಷ ಇದ್ದವರು. ಇಬ್ಬರ ಗಂಡಂದಿರೂ ಊರಾಚೆಯ ಒಂದೇ ಸ್ಮಶಾನದಲ್ಲಿದ್ದರು. ನಾಲ್ಕು ವರ್ಷದ ಹಿಂದೆ ಝುಲ್ಮಿರಾ ಬಾಡಿಗೆಗಿದ್ದ ಮನೆಯನ್ನು ಹೊಸಬರು ಕೊಂಡರು. ಆ ಊರಿನಲ್ಲಿ ಅವಳ ಕೈಗೆಟುಕುವ ಇನ್ನೊಂದು ಬಾಗಿಲು ಸಿಗಲಿಲ್ಲ. ಗಂಡನ ಅಣ್ಣನ ಮಗ ದುವಾರ್ತೆ ಇದ್ದ ಕಡೆಗೆ, ಬೆಟ್ಟ ದಾಟಿ ಎರಡು ಗಂಟೆ ದೂರದ ಲಾಸ್ ಬ್ಯಾನೋಸ್‌ಗೆ ಹೋಗಿ ಬಾಡಿಗೆ ಮನೆ ಹಿಡಿದಳು. ಅಲ್ಲಿ ಬೇಸಿಗೆಯಲ್ಲಿ ಬಾಗಿಲ ಚಿಲಕ ಮುಟ್ಟಿದರೆ ಕೈ ಸುಡುತ್ತದೆ.

ಇದಲೀನಾ ಇದ್ದದ್ದು ವಯಸ್ಸಾದವರ ವಸತಿಯ ಒಂದು ಕೋಣೆಯಲ್ಲಿ. ಹನ್ನೊಂದು ವರ್ಷ ಸರದಿ ಕಾದು ಸಿಕ್ಕಿದ ಕೋಣೆ. ಒಂದು ಕೋಣೆಗೆ ಒಂದೇ ಹೆಸರು. ನೆಂಟರು ಬಂದರೆ ಹದಿನಾಲ್ಕು ದಿನ, ಅದರ ಮೇಲೆ ಒಂದು ದಿನವೂ ಇಲ್ಲ.

ಹಬ್ಬದ ಸಾರಿಗೆ ಉಪ್ಪು ಹಾಕುತ್ತಿದ್ದದ್ದು ಝುಲ್ಮಿರಾ. ರುಚಿ ನೋಡುತ್ತಿರಲಿಲ್ಲ, ಹಂಡೆಯ ಮೇಲೆ ಬಗ್ಗಿ ಮೂಸುತ್ತಿದ್ದಳು. ಅವಳು ಹೋದ ಮೇಲೆ ಹಂಡೆಯ ಆ ಬದಿಯಲ್ಲಿ ಯಾರ್ಯಾರೋ ನಿಂತರು. ಒಳ್ಳೆಯ ಹೆಂಗಸರೇ. ಆದರೂ ಮುಚ್ಚಳ ಎತ್ತಿದಾಗ ಇದಲೀನಾ ಆ ಬದಿಗೆ ನೋಡದೆ ಸೌಟು ಹಾಕುವುದನ್ನು ಕಲಿತಿದ್ದಳು.

ಹಲಗೆ ಕಂಡ ದಿನವೇ ಇದಲೀನಾ ತಂಗಿಗೆ ಫೋನ್ ಮಾಡಿದಳು.

"ನಮ್ಮ ಬಯಲಲ್ಲಿ ಮನೆ ಬರುತ್ತಂತೆ ಕಣೇ."

"ಯಾರಿಗೆ? ಹಸುಗಳಿಗಾ?"

"ನಿನಗೆ ಕಣೇ ಹಸು! ಎಪ್ಪತ್ತು ಮನೆ. ನನ್ನ ಕಿಟಕಿ ಎದುರಿಗೇ."

ಆ ಕಡೆ ಫ್ಯಾನ್ ಆರಿಸಿದ ಸದ್ದು ಕೇಳಿಸಿತು.

"ಅಕ್ಕಾ, ನಂಗೆ ಮೆಟ್ಟಿಲು ಹತ್ತಕ್ಕಾಗಲ್ಲ. ಕೆಳಗಿನ ಮನೆ ಕೇಳು."

ಇಪ್ಪತ್ತನೇ ತಾರೀಕು ಸಂಜೆ ಸಭೆಯಲ್ಲಿ ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ಮಾತಾಡುವವರಿಗೆ ತಲಾ ಎರಡು ನಿಮಿಷ. ಗುಡ್ಡದ ಮೇಲಿನ ಮನೆಯ ಮಿಸೆಸ್ ವಿಟ್‌ಕಂಬ್ ಎದ್ದು, ಮನೆ ಬೇಡ ಎಂದು ತಾನು ಹೇಳುವುದಿಲ್ಲ, ಮನೆ ಬೇಕು, ಆದರೆ ಇಲ್ಲಿ ಬೇಡ, ಇಷ್ಟೆತ್ತರ ಬೇಡ, ರಸ್ತೆ ಕಿರಿದು, ಊರಿನ ಗುಣ ಕೆಡುತ್ತದೆ ಎಂದಳು. ಅವಳ ಹಿಂದೆ ಎದ್ದವರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು. ಸಂಘದ ಅಧ್ಯಕ್ಷ, ಎಂಬತ್ತೊಂದರ ಹರ್ಮೀನಿಯೊ ಟೋಪಿ ಕೈಯಲ್ಲಿ ಹಿಡಿದು ಒಂದೇ ಮಾತು ಕೇಳಿದ: "ಹಸು ಎಲ್ಲಿ ನಿಲ್ಲಿಸ್ಬೇಕು?" ಅದಕ್ಕೆ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ಬಿತ್ತು. ಗುಡ್ಡದವರೇ ತಟ್ಟಿದ್ದು.

ಇದಲೀನಾಳ ಹೆಸರು ಕರೆದರು. ಮೈಕಿನ ಮುಂದೆ ನಿಂತಾಗ ಅವಳ ಮುರುಕು ಇಂಗ್ಲಿಷು ಇನ್ನಷ್ಟು ಮುರಿಯಿತು.

"ನಾನು ಹಾಲ್‌ನಲ್ಲಿ ಸಾರು ಮಾಡೋಳು. ಇಲ್ಲಿ ಕೂತಿರೋ ಮುಕ್ಕಾಲು ಜನಕ್ಕೆ ನಾನು ಬಡಿಸಿದೀನಿ. ಈ ಅಮ್ಮಾವ್ರಿಗೆ ಎರಡನೇ ಬಟ್ಟಲಿಗೆ ಪುದೀನ ಜಾಸ್ತಿ ಬೇಕು." ಜನ ನಕ್ಕರು. ಮಿಸೆಸ್ ವಿಟ್‌ಕಂಬ್ ಕೂಡ ನಕ್ಕಳು. "ಎಷ್ಟು ಜನ ಬರ್ತಾರೆ ಅಂತ ನಮಗೆ ಯಾವತ್ತೂ ಗೊತ್ತಿರಲ್ಲ. ಜಾಗ ಇದೆಯಾ ಅಂತ ನೋಡಿ ಬಾಗಿಲು ತೆಗಿಯಲ್ಲ ನಾವು. ಬಂದಮೇಲೆ ಬೆಂಚು ಸರಿಸ್ತೀವಿ. ನನ್ನ ತಂಗಿ ನಲವತ್ತೆರಡು ವರ್ಷ ಈ ಊರಿನ ಮರಿಕೋಸು ಕಿತ್ತಳು. ಅವಳಿಗೆ ಒಂಚೂರು ಬೆಂಚು ಸರಿಸಿ. ಹರ್ಮೀನಿಯೊ, ನೀನೂ ಸರಿಸಪ್ಪ. ಹಸು ನಿಲ್ಲಕ್ಕೆ ಜಾಗ ನಾನು ಹುಡುಕಿಕೊಡ್ತೀನಿ."

ಎರಡು ನಿಮಿಷ ಮುಗಿದಿರಲಿಲ್ಲ. ಮಿಕ್ಕದ್ದನ್ನು ಏನು ಮಾಡುವುದೆಂದು ತಿಳಿಯದೆ ಅವಳು ಬಂದು ಕೂತಳು.

ನಗರಸಭೆಯ ಐವರು ಸದಸ್ಯರಲ್ಲಿ ಮೂವರು ಕೈ ಎತ್ತಿದರು. ಬಯಲಿನ ವಲಯ ಬದಲಾಯಿತು.

ಇನ್ನು ಇದಲೀನಾ ಮಾಡಿದ ತಪ್ಪು. ಸಂಘದಲ್ಲಿ ಕೈ ಎತ್ತಿದರೆ ಕೆಲಸ ಆದಂತೆಯೇ. ಈ ಸಲ ಹಬ್ಬದ ಹೊಣೆ ಯಾರ ಮನೆಯದು ಎಂದು ಕೈ ಎತ್ತಿದ ದಿನವೇ ಪವಿತ್ರಾತ್ಮನ ಬೆಳ್ಳಿಯ ಕಿರೀಟ ಆ ಮನೆಗೆ ಹೋಗುತ್ತದೆ, ಮಾರನೆಯ ದಿನವೇ ಹಸು ಗೊತ್ತು ಮಾಡುತ್ತಾರೆ, ಸೌದೆ ಬೀಳುತ್ತದೆ. ಎತ್ತಿದ ಕೈಗೂ ಒಲೆಯ ಬೆಂಕಿಗೂ ನಡುವೆ ವರ್ಷಗಟ್ಟಲೆ ಬಿಡುವು ಇರಬಹುದು ಎಂಬುದು ಅವಳ ಬದುಕಿನಲ್ಲಿ ಎಲ್ಲೂ ಬಂದಿರಲಿಲ್ಲ. ಬೆಳಿಗ್ಗೆ ಎದ್ದವಳೇ ತಂಗಿಗೆ ಫೋನ್ ಮಾಡಿದಳು.

"ಕೈ ಎತ್ತಿದ್ರು ಕಣೇ. ಗಂಟು ಕಟ್ಟು."

ಝುಲ್ಮಿರಾ ಆ ದಿನವೇ ಮನೆ ಮಾಲೀಕನಿಗೆ ತಿಂಗಳ ನೋಟಿಸ್ ಕೊಟ್ಟಳು.

ಅಲ್ಲಿಂದ ಅವಳ ದನಿಯೇ ಬೇರೆಯಾಯಿತು. ದಿನಾ ಫೋನಿನಲ್ಲಿ ಏನು ಕಟ್ಟಿದೆ, ಏನು ದುವಾರ್ತೆಗೆ ಕೊಟ್ಟೆ ಎಂಬ ವರದಿ. ಸಮುದ್ರದ ಕಡೆಯ ಕಿಟಕಿ ಬೇಡ, ಗಾಳಿ ಜಾಸ್ತಿ, ಹಾಲ್ ಕಡೆಯದೇ ಇರಲಿ. ಮಂಜು ಎಷ್ಟು ಗಂಟೆಗೆ ಕರಗಿತು ಇವತ್ತು? ಬಂದರಿನ ಗಂಟೆ ಕೇಳಿಸಿತಾ? ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಹಾಡು ಗುನುಗುವುದು ಕೇಳಿಸಿತು.

ಮೂರು ವಾರವಾದರೂ ಬಯಲಿಗೆ ಒಂದು ಗುದ್ದಲಿ ಬರಲಿಲ್ಲ. ಇದಲೀನಾ ನಗರಸಭೆಗೆ ಹೋದಳು. ಪ್ರಿಸಿಲ್ಲಾ ಎಂಬ ಹುಡುಗಿ ಕುರ್ಚಿ ಕೊಟ್ಟು ಕೂರಿಸಿ, ಮೇಜಿನ ತುಂಬ ಊರಿನ ನಕ್ಷೆ ಹರಡಿದಳು.

"ನೋಡಿ ತೀಯಾ," ಎಂದಳು. ಹಬ್ಬದಲ್ಲಿ ಸಾರು ಉಂಡವಳೇ ಅವಳೂ. "ನಿಮ್ಮ ಬಯಲು ಇಲ್ಲಿ ಹಸಿರಿತ್ತು. ಈಗ ಕಿತ್ತಳೆ ಬಣ್ಣ ಮಾಡಿದೀವಿ."

"ಸರಿ. ಮನೆ ಯಾವಾಗ ಶುರು?"

ಹುಡುಗಿಯ ಮುಖ ಸಪ್ಪಗಾಯಿತು. "ನಾವು ಮನೆ ಕಟ್ಟಲ್ಲ. ಕಟ್ಟೋದಾದ್ರೆ ಕಟ್ಟಬಹುದು ಅಂತ ಒಪ್ಪಿಗೆ ಕೊಟ್ಟಿದೀವಿ, ಅಷ್ಟೇ. ಸಂಘದವರು ಮೊದಲು ಜಾಗ ಬಿಟ್ಟುಕೊಡ್ಬೇಕು. ಆಮೇಲೆ ಕಟ್ಟೋರು ಬರ್ಬೇಕು, ಅವರಿಗೆ ಬಂಡವಾಳ ಹುಟ್ಟಬೇಕು. ಆರು ವರ್ಷ, ಎಂಟು ವರ್ಷ..."

"ಮತ್ತೆ ಸರ್ಕಾರದವರು ಮನೆ ಕೇಳಿದ್ರಲ್ಲ?"

"ಸರ್ಕಾರ ನಮ್ಮಿಂದ ಕೇಳಿದ್ದು ಮನೆಗೆ ಜಾಗ, ತೀಯಾ."

ಇದಲೀನಾ ನಕ್ಷೆಯ ಮೇಲೆ ಬೆರಳಿಟ್ಟಳು. ಕಿತ್ತಳೆ ಚೌಕ ಅವಳ ಉಗುರಿನಷ್ಟಿತ್ತು. ಬಣ್ಣವೇನೋ ಚೆನ್ನಾಗಿಯೇ ಬಳಿದಿದ್ದರು.

ಹೊರಗೆ ಬಂದು ಹಾಲ್‌ಗೆ ಹೋಗಿ ಹರ್ಮೀನಿಯೊನನ್ನು ಕೇಳಿದಳು. "ಜಾಗ ಬಿಟ್ಟುಕೊಡೋ ಮಾತು ಯಾರು ಆಡಿದ್ರು?" ಎಂದ ಅವನು. "ನಗರಸಭೆ ಬಣ್ಣ ಬಳೀಲಿ ಬಿಡು. ಬಯಲು ನಮ್ಮದು."

ತಂಗಿಗೆ ಅಂದೇ ಹೇಳಬೇಕಿತ್ತು. ಫೋನ್ ಎತ್ತಿದಳು ಕೂಡ. ಆ ಕಡೆ ಝುಲ್ಮಿರಾ, "ಅಕ್ಕಾ, ಪರದೆ ಹೊಲಿದೆ, ಎರಡು ಕಿಟಕಿಗಾಗುತ್ತೆ" ಎಂದಳು. ಇದಲೀನಾ ಬಣ್ಣ ಯಾವುದು ಎಂದು ಕೇಳಿದಳು. ಮಾರನೆಯ ದಿನ ಹೇಳೋಣ ಅಂದುಕೊಂಡಳು. ಮಾರನೆಯ ದಿನವೂ ಆ ದನಿ ಹಾಗೆಯೇ ಇತ್ತು. ಅದನ್ನು ನಂದಿಸಲು ಮನಸ್ಸು ಬರಲಿಲ್ಲ.

ಶನಿವಾರ ಮಧ್ಯಾಹ್ನ ದುವಾರ್ತೆಯ ಪಿಕಪ್ ಹಾಲ್ ಮುಂದೆ ಬಂದು ನಿಂತಿತು. ಹಿಂದೆ ಮಂಚ, ಪೆಟ್ಟಿಗೆಗಳು, ಹಗ್ಗ ಬಿಗಿದ ಒಂದು ಕುರ್ಚಿ. ಝುಲ್ಮಿರಾ ಇಳಿದವಳು ಅಕ್ಕನನ್ನೂ ನೋಡಲಿಲ್ಲ. ತಲೆ ಎತ್ತಿ ಕಣ್ಣು ಮುಚ್ಚಿ ಮೂಗಿನ ತುಂಬ ಗಾಳಿ ಎಳೆದುಕೊಂಡಳು. ಸಮುದ್ರ, ನೀಲಗಿರಿ ಮರ, ಹೊಲದಲ್ಲಿ ಕೊಳೆಯುವ ಕೋಸಿನ ಎಲೆ. ಆಮೇಲೆ ಕಣ್ಣು ಬಿಟ್ಟು ಬಯಲನ್ನು ನೋಡಿದಳು. ಮೊಣಕಾಲುದ್ದ ಹುಲ್ಲು.

"ಮನೆ ಎಲ್ಲಿ ಅಕ್ಕಾ? ಬಾಡಿಗೆ ಕಾಗದ ಎಲ್ಲಿ ಬರಿಸ್ಬೇಕು?"

ಇದಲೀನಾ ಹೇಳಿದಳು. ನಕ್ಷೆ, ಬಣ್ಣ, ಎಂಟು ವರ್ಷ, ಹರ್ಮೀನಿಯೊ. ಹೇಳುತ್ತ ಹೇಳುತ್ತ ಬೇಲಿಯ ತಂತಿ ಹಿಡಿದುಕೊಂಡಿದ್ದಳು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಎಂಟು ದಿನ ಆಯ್ತು."

"ಎಂಟು ದಿನದಿಂದ ಪರದೆ ಬಣ್ಣ ಕೇಳ್ತಿದ್ಯಲ್ಲೇ, ಪಾಪಿ!"

"ನೀನು ಹಾಡ್ತಿದ್ದೆ."

ದುವಾರ್ತೆ ದೂರದಿಂದಲೇ, "ಚಿಕ್ಕಮ್ಮ, ಅಲ್ಲಿ ಮಾಲೀಕ ಮನೇನ ಇನ್ನೂ ಯಾರಿಗೂ ಕೊಟ್ಟಿಲ್ಲ, ನಾಳೆ ತನಕ ಟೈಮಿದೆ" ಎಂದು ಕೂಗಿದ.

ಇದಲೀನಾ ಎಂಟು ದಿನದಿಂದ ಯೋಚಿಸಿದ್ದನ್ನು ಈಗ ಹೊರಗೆ ಹಾಕಿದಳು. "ನನ್ನ ಕೋಣೆ ಬಿಟ್ಟುಬಿಡ್ತೀನಿ. ನಾನೇ ನಿನ್ನ ಜೊತೆ ಬರ್ತೀನಿ. ಬಿಸಿಲಾದ್ರೆ ಬಿಸಿಲು. ಇಬ್ರೂ ಒಂದೇ ಕಡೆ ಇರೋಣ."

"ಹುಚ್ಚಾ ನಿಂಗೆ?"

"ನಿಜ ಹೇಳ್ತಿದೀನಿ."

"ನಾನೂ ನಿಜ ಹೇಳ್ತೀನಿ, ಕೇಳು." ಝುಲ್ಮಿರಾ ಅಕ್ಕನ ಕೋಟಿನ ಗುಂಡಿಯನ್ನು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ಹಿಡಿಯುತ್ತಿದ್ದ ಹಾಗೆ. "ನೀನು ಇಲ್ಲಿದೀಯಾ ಅಂತ ಈ ಊರು ಇನ್ನೂ ನಂದು. ಮಂಜು ಕರಗಿತಾ ಅಂತ ಕೇಳಕ್ಕೆ ಒಬ್ಬಳಿದಾಳೆ. ನನ್ನ ಗಂಡನ ಕಲ್ಲಿನ ಮೇಲೆ ಹೂವಿಡೋಳು ಒಬ್ಬಳಿದಾಳೆ. ನೀನೂ ಬಂದ್ಬಿಟ್ರೆ ಅಲ್ಲಿ ಇಬ್ಬರು ಮುದುಕೀರು ಗೋಡೆ ನೋಡ್ಕೊಂಡು ಕೂತಿರ್ತೀವಿ, ಇಲ್ಲಿ ನಮ್ಮವರು ಯಾರೂ ಇರಲ್ಲ. ಬೇಡ ಅಕ್ಕಾ. ನೀನು ಇಲ್ಲೇ ಇರು. ನಂಗೋಸ್ಕರ ಇರು."

ಇದಲೀನಾಗೆ ಇದು ಹೊಳೆದೇ ಇರಲಿಲ್ಲ. ತಂಗಿ ತನಗಾಗಿ ಹಂಬಲಿಸುತ್ತಾಳೆ ಎಂದೇ ಅವಳು ತಿಳಿದಿದ್ದಳು. ತನ್ನ ಬಾಯಿಂದ ಅವಳು ದಿನಾ ಊರನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದಳು ಎಂದು ಈಗ ತಿಳಿಯಿತು. ಬೇಸರವಾಗಲಿಲ್ಲ. ಗುಂಡಿ ಹಿಡಿದಿದ್ದ ತಂಗಿಯ ಕೈಯ ಮೇಲೆ ತನ್ನ ಕೈ ಇಟ್ಟಳು.

ಆ ರಾತ್ರಿ ಅಕ್ಕನ ಕೋಣೆಯಲ್ಲಿ ಮಲಗಿ, ಭಾನುವಾರ ಪೂಜೆ ಮುಗಿಸಿ, ಸ್ಮಶಾನಕ್ಕೆ ಹೋಗಿ ಬಂದು, ಝುಲ್ಮಿರಾ ಪಿಕಪ್ ಹತ್ತಿರ ನಿಂತಳು. ಹತ್ತಲಿಲ್ಲ.

"ದುವಾರ್ತೆ, ಆ ಮಂಚ ಇಳ್ಸಪ್ಪ."

"ಚಿಕ್ಕಮ್ಮ! ಅಲ್ಲಿ ಎಲ್ಲಿ ಮಲಗ್ತೀರಿ?"

"ನಿನ್ನ ಸೋಫಾ ಇದೆಯಲ್ಲ, ಅದನ್ನ ನನ್ನ ಮನೆಗೆ ತಂದಾಕು. ಮಂಚ ಇಲ್ಲೇ ಇರ್ಲಿ."

ಲಿಯೊನೆಲ್ ಹಾಲ್‌ನ ಉಗ್ರಾಣ ತೆರೆದ. ದುವಾರ್ತೆ ಮಂಚದ ಒಂದು ತುದಿ ಹಿಡಿದ. ಇನ್ನೊಂದು ತುದಿಗೆ ಲಿಯೊನೆಲ್ ಬರುವಷ್ಟರಲ್ಲಿ, ಪೂಜೆಯಿಂದ ಆಗಷ್ಟೇ ಬಂದಿದ್ದ ಹರ್ಮೀನಿಯೊ ಟೋಪಿ ತೆಗೆದು ಹುಲ್ಲಿನ ಮೇಲಿಟ್ಟು ಬಗ್ಗಿ ಹಿಡಿದುಬಿಟ್ಟಿದ್ದ. ಹಂಡೆಗಳ ಪಕ್ಕದಲ್ಲಿ ಮಂಚ ನಿಂತಿತು. ಝುಲ್ಮಿರಾ ಒಳಗೆ ಬಂದು ನೋಡಲಿಲ್ಲ. ಪಿಕಪ್ ಹೊರಟ ಸದ್ದು ಕೇಳಿಸಿತು, ತಿರುವಿನಲ್ಲಿ ಗೇರ್ ಬದಲಾಯಿಸಿದ ಸದ್ದೂ ಕೇಳಿಸಿತು.

ಹರ್ಮೀನಿಯೊ ಉಸಿರು ಸುಧಾರಿಸಿಕೊಳ್ಳುತ್ತಿದ್ದ.

"ಎಷ್ಟು ದಿನ ಇಟ್ಕೋಬೇಕು ಇದನ್ನ, ಇದಲೀನಾ?"

"ಅವಳು ಬರೋ ತನಕ."

ಅವನು ಮೂಲೆಗೆ ಹೋಗಿ, ಹಬ್ಬದ ಮೇಜುಗಳಿಗೆ ಹೊದಿಸುವ ಟಾರ್ಪಾಲು ತಂದು, ಧೂಳು ಕೂರದ ಹಾಗೆ ಮಂಚದ ಮೇಲೆ ಎಳೆಯತೊಡಗಿದ. ಒಂದು ತುದಿ ಕೈಗೆಟುಕಲಿಲ್ಲ. ಇದಲೀನಾ ಈ ಬದಿಯಿಂದ ಅದನ್ನು ಹಿಡಿದು ಜಗ್ಗಿದಳು.