ಎಂದೆಂದಿಗೂ ನಡೆಯುವ ಪೂಜೆ

ನಾಗರಪಂಚಮಿ ಹತ್ತಿರ ಬಂದರೂ ಗುಡಿಯ ಕಾರ್ಡು ಬರಲಿಲ್ಲವೆಂದು ಚಂದ್ರವ್ವ ನಮ್ಮ ಬಾಗಿಲಿಗೆ ಬಂದಳು. ಮುಂಬಯಿಯ ಸಯನ್ನಿನ ಆ ಬಿಲ್ಡಿಂಗಿನಲ್ಲಿ ನಮ್ಮವು ಎದುರುಬದುರು ಮನೆ. ಅವಳ ಒಬ್ಬಳೇ ಮಗಳು ನೀಲವ್ವ ಎಂಟು ವರ್ಷದವಳಿದ್ದಾಗ ಕಾಮಾಲೆಯಾಗಿ ತೀರಿಕೊಂಡಿದ್ದಳು. ಆ ವರ್ಷವೇ, ಎಂಬತ್ತೊಂದರಲ್ಲಿ, ಚಂದ್ರವ್ವ ಪಕ್ಕದ ಬೀದಿಯ ಈಶ್ವರನ ಗುಡಿಯಲ್ಲಿ ಮಗಳ ಹೆಸರಿಗೆ ಶಾಶ್ವತ ಪೂಜೆ ಬರೆಸಿದಳು. ಮಗಳು ಹುಟ್ಟಿದ ಪಂಚಮಿಯ ದಿನ ಪ್ರತಿ ವರ್ಷ ಅರ್ಚಕರು ಅವಳ ಹೆಸರು ಹೇಳಿ ಮಂಗಳಾರತಿ ಮಾಡುವರು. ಮುಂಚಿತವಾಗಿ ಗುಡಿಯಿಂದ ಕಾರ್ಡು ಬರುವುದು. ‘ಈ ಸೇವೆಯನ್ನು ಎಂದೆಂದಿಗೂ ನಡೆಸಿಕೊಂಡು ಬರಲಾಗುವುದು’ ಎಂದು ರಸೀದಿಯಲ್ಲಿ ಅಚ್ಚಾಗಿತ್ತು. ಓದು ಬಾರದ ಚಂದ್ರವ್ವ ಆ ಸಾಲನ್ನು ನನ್ನಿಂದ ಎಷ್ಟೋ ಸಲ ಓದಿಸಿಕೊಂಡಿದ್ದಳು.

“ಮಳೇಲಿ ಪೋಸ್ಟು ತಡ ಆಗಿರಬೇಕು,” ಎಂದೆ.

“ನೀವೂ ಬರ್ರಿ ಅಕ್ಕಾರ. ನಾ ಕೇಳಿದ್ರ ಜಗಳ ಆಗ್ತೈತಿ. ನೀವು ಕಾಲೇಜ ಕಲ್ತವರು, ಮೆತ್ತಗ ಕೇಳ್ತೀರಿ.”

ಗುಡಿಯ ಕಾರ್ಯದರ್ಶಿ ಕೇಶವಮೂರ್ತಿಗಳು ನಮ್ಮ ಮೈಸೂರಿನ ಕಡೆಯವರು, ದಾದರಿನ ಆಫೀಸೊಂದರಲ್ಲಿದ್ದು ನಿವೃತ್ತರಾದವರು. ನಮ್ಮ ಒದ್ದೆ ಕೊಡೆಗಳನ್ನು ತಾವೇ ಇಸಿದುಕೊಂಡು ಮೂಲೆಯಲ್ಲಿ ಬಿಡಿಸಿಟ್ಟರು. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದರು: “ಹೋದ ವರ್ಷ ಕಮಿಟೀಲಿ ತೀರ್ಮಾನ ಆಯ್ತಮ್ಮ. ಶಾಶ್ವತ ಪೂಜೆ ಅಂದ್ರೆ ಇನ್ಮೇಲೆ ಹತ್ತು ವರ್ಷ. ನಿಮ್ಮದು ಮುಗೀತು. ಬೇಕಾದ್ರೆ ಮತ್ತೆ ಬರೆಸಬಹುದು.”

“ಎಂದೆಂದಿಗೂ ಅಂತ ಬರ್ದು ಕೊಟ್ಟೀರಲ್ರಿ! ನಿಮ್ಮ ಈಶ್ವರಗೂ ರಿಟೈರ್‌ಮೆಂಟ್ ಐತೇನು?”

ಅವರು ನಗಲು ನೋಡಿದರು, ಆಗಲಿಲ್ಲ. “ಹೆಸರುಗಳು ತುಂಬಾ ಆದುವಮ್ಮ. ಇರೋದು ಒಬ್ಬರೇ ಅರ್ಚಕರು.”

“ಮತ್ತ ಬರಸ್ತೀನಿ ಅನ್ರಿ. ಆಮ್ಯಾಲ? ನಾ ಇರಂಗಿಲ್ಲ. ಆಕಿಗೆ ಅಣ್ಣ ಇಲ್ಲ, ತಮ್ಮ ಇಲ್ಲ. ನಾ ಹೋದ ಮ್ಯಾಲೂ ವರ್ಷಕ್ಕೊಮ್ಮೆರ ಯಾರರ ‘ನೀಲವ್ವ’ ಅನ್ಲಿ ಅಂತ ಬರಸಿದ್ದೇರಿ.”

“ಇದೊಂದನ್ನ ನಡೆಸೋಕೆ ಆಗಲ್ವೆ?” ಎಂದು ನಾನೂ ಕೇಳಿದೆ.

ಕೇಶವಮೂರ್ತಿಗಳು ಗರ್ಭಗುಡಿಯ ಕಡೆ ನೋಡಿದರು. “ಸರಸ್ವತಮ್ಮನೋರೆ, ನಮ್ಮಮ್ಮನ ಪೂಜೇನೂ ಈ ಶಿವರಾತ್ರಿಗೆ ನಿಂತ್ಹೋಯ್ತು. ಆ ತೀರ್ಮಾನಕ್ಕೆ ಕೈ ಎತ್ತಿದವನು ನಾನೇ. ಈಗ ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಹೇಗೆ ಮಾಡಲಿ?”

ಚಂದ್ರವ್ವನ ಸಿಟ್ಟು ಅಲ್ಲಿಗೇ ನಿಂತಿತು. “ನಿಮ್ಮ ಅವ್ವನ ಹೆಸರೇನ್ರಿ?” ಎಂದಳು.

“ಪುಟ್ಟಲಕ್ಷಮ್ಮ.”

“ನಿಮ್ಮ ಮಕ್ಕಳು?”

“ಬೊರಿವಲೀಲಿ ಇದಾರೆ. ಅಜ್ಜಿ ಅಂದ್ರೆ ಗೊತ್ತು. ಹೆಸರು ಕೇಳಿದ್ರೆ ಯೋಚನೆ ಮಾಡ್ತಾರೆ.”

“ಹಂಗಾರ ನಾ ದೀಪಾ ಹಚ್ಚುವಾಗ ನಿಮ್ಮ ಅವ್ವನ ಹೆಸರು ತಗೋತೀನ್ರಿ. ನೀವು ನನ್ನ ಮಗಳದು ತಗೋರಿ. ಇದಕ್ಕ ಕಮಿಟಿ ಕೇಳೂದು ಬ್ಯಾಡ.”

“ಆಗಲಮ್ಮ,” ಎಂದರು. ಹೊರಡುವಾಗ ಕೊಡೆಗಳ ಹಿಡಿಯನ್ನು ತಮ್ಮ ಪಂಚೆಯ ತುದಿಯಲ್ಲಿ ಒರೆಸಿ ಕೊಟ್ಟರು.

ಅಂದಿನಿಂದ ಸಂಜೆ ಎದುರುಮನೆಯಲ್ಲಿ ಎರಡು ಹೆಸರು ಕೇಳುತ್ತಿತ್ತು. ಮುಖವನ್ನೇ ಕಾಣದ ಪುಟ್ಟಲಕ್ಷಮ್ಮನನ್ನು ಚಂದ್ರವ್ವ ಒಳಮನೆಯಲ್ಲಿರುವ ಹಿರಿಯಳನ್ನು ಕರೆಯುವಂತೆ ಮರ್ಯಾದೆಯಿಂದ ಕರೆಯುತ್ತಿದ್ದಳು.

ತೊಂಬತ್ತಮೂರರ ಬೇಸಿಗೆಯಲ್ಲಿ ಅವಳು ತೀರಿಕೊಂಡಳು. ಪ್ರತಿ ಪಂಚಮಿಗೆ ಅವಳು ಕಟ್ಟುತ್ತಿದ್ದ ಎಳ್ಳುಂಡೆಯನ್ನು ಈ ಸಲ ನಾನೇ ಕಟ್ಟಿಕೊಂಡು ಗುಡಿಗೆ ಹೋದೆ. ಉಂಡೆ ಅವಳದರಂತೆ ಗಟ್ಟಿಯಾಗಿ ಕೂತಿರಲಿಲ್ಲ. ಕೇಶವಮೂರ್ತಿಗಳು ನಂದಾದೀಪಕ್ಕೆ ಎಣ್ಣೆ ಹಾಕುತ್ತಿದ್ದರು. ನನ್ನನ್ನು ನೋಡಲಿಲ್ಲ. “ಪುಟ್ಟಲಕ್ಷಮ್ಮ, ನೀಲವ್ವ,” ಎಂದು ಮೆಲ್ಲಗೆ ಅಂದರು. ಇನ್ನಷ್ಟು ಎಣ್ಣೆ ಹಾಕಿ, “ಚಂದ್ರವ್ವ,” ಎಂದರು.

ನಾನು ಉಂಡೆಯ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಸದ್ದಾಗದಂತೆ ಮನೆಗೆ ಬಂದೆ. ಸಂಜೆ ದೀಪ ಹಚ್ಚಿ ಮೂರೂ ಹೆಸರು ಹೇಳಿದೆ. ಓದುತ್ತಿದ್ದ ಮೊಮ್ಮಗಳು ಶಾಮಲಾ ತಲೆಯೆತ್ತಿ, “ಅಜ್ಜಿ, ಯೇ ಸಬ್ ಕೌನ್ ಹೈ?” ಎಂದು, ಇವರೆಲ್ಲ ಯಾರೆಂದು, ಹಿಂದಿಯಲ್ಲೇ ಕೇಳಿದಳು.

ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ.