ಕರಡಿಗೆಯ ನೆರಳು

"ಅದನ್ನ ಮಾತ್ರ ತೆಗೆಯಲ್ಲ," ಎಂದರು ಷಡಕ್ಷರಪ್ಪ, ಸ್ಕ್ಯಾನಿಂಗ್ ಸೆಂಟರಿನವರು ಕೊಟ್ಟ ಹಸಿರು ನಿಲುವಂಗಿಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡು. ಒಳಗೆ, ಎದೆಯ ನಟ್ಟನಡುವೆ, ಶಿವದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಅವರ ದನಿ ಬಿದ್ದುಹೋಗಿ ಮೂರು ತಿಂಗಳಾಗಿತ್ತು. ಪಾಪ, ಹಠ ಮಾಡಿದರೂ ಗುಟ್ಟು ಹೇಳಿದ ಹಾಗೆ ಕೇಳಿಸುತ್ತಿತ್ತು.

ಯಂತ್ರ ನಡೆಸುವ ವಿದ್ಯಾಶ್ರೀ ಸವಳಂಗ ರಸ್ತೆಯ ಆ ಸೆಂಟರಿನಲ್ಲಿ ಆರು ವರ್ಷದಿಂದ ಇಂಥ ಹಠ ಬೇಕಾದಷ್ಟು ನೋಡಿದ್ದಳು. ತಾಳಿ, ತಾಯಿತ, ಉಡಿದಾರ, ಒಂದೇ ಎರಡೇ.

"ಅಪ್ಪಾಜಿ, ಬೆಳ್ಳಿ ಎದೆ ಮೇಲಿದ್ರೆ ಚಿತ್ರ ಕೆಡುತ್ತೆ. ಎಕ್ಸ್‌ರೇನಲ್ಲಿ ಆಗಿದ್ದೂ ಅದೇ ಅಲ್ವಾ?"

ಆಗಿದ್ದು ಅದೇ. ಹದಿನೈದು ದಿನದ ಹಿಂದೆ ಭದ್ರಾವತಿಯಲ್ಲಿ ಎಕ್ಸ್‌ರೇ ತೆಗೆಸುವಾಗ ಷಡಕ್ಷರಪ್ಪ ಕರಡಿಗೆಯನ್ನು ಬನಿಯನ್ನಿನೊಳಗೆ ಮುಚ್ಚಿಟ್ಟುಕೊಂಡಿದ್ದರು. ಫಿಲ್ಮಿನಲ್ಲಿ ಅದು ಬೆಳ್ಳಗೆ ಗುಂಡಗೆ ಮೂಡಿತ್ತು, ಪಕ್ಕದಲ್ಲಿ ಮಸುಕಾಗಿ ಇನ್ನೇನೋ. "ಎದೆಯ ನಡುವೆ ಏನೋ ಇರೋ ಹಾಗಿದೆ, ಕರಡಿಗೆ ಅಡ್ಡ ಬಂದು ತಿಳೀತಿಲ್ಲ, ಸ್ಕ್ಯಾನ್ ಮಾಡ್ಸಿ" ಎಂದಿದ್ದರು ಡಾಕ್ಟರು. ಷಡಕ್ಷರಪ್ಪ ಮನೆಗೆ ತಂದದ್ದು ಆ ಮಾತಿನ ಅರ್ಧ ಮಾತ್ರ. "ಏನಿಲ್ಲ ಕಣೆ, ಕರಡಿಗೆ ನೆರಳು" ಅಂತ ಹೆಂಡತಿಗೆ ಹೇಳಿದರು. ಪಕ್ಕದ ಮನೆ ಮುರುಗೇಶಪ್ಪನಿಗೆ ಹೇಳಿದರು. ಹಾಲಿನವನು ಕೇಳದಿದ್ದರೂ ಅವನಿಗೂ ಹೇಳಿದರು.

"ಸಾಯೋಗಂಟ ಲಿಂಗ ಮೈ ಬಿಡಬಾರ್ದು. ಅದು ನಮ್ಮ ಪದ್ಧತಿ ತಾಯಿ."

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಹಾಲಮ್ಮನಿಗೆ ತಡೆಯಲಾಗಲಿಲ್ಲ. "ಅಯ್ಯೋ ಮಾರಾಯ್ರೆ! ಕಾರ್ಖಾನೇಲಿ ಫರ್ನೇಸ್ ಹತ್ರ ಕರಡಿಗೆ ಕಾದು ಎದೆ ಸುಡ್ತದೆ ಅಂತ ಟಿಫಿನ್ ಡಬ್ಬೀಲಿಟ್ಟು ಕೆಲಸ ಮಾಡಿದೋರು ನೀವು. ಮಜ್ಜಿಗೆ ವಾಸನೆ ಹೋಗ್ಲಿ ಅಂತ ಹುಣಿಸೇಹಣ್ಣು ಹಾಕಿ ಉಜ್ಜಿದೋಳು ನಾನು. ಈಗ ಪದ್ಧತಿ ನೆನಪಾಯ್ತಾ?"

ವಿದ್ಯಾಶ್ರೀ ನಗು ತಡೆದುಕೊಂಡಳು. ಷಡಕ್ಷರಪ್ಪ ನಗಲಿಲ್ಲ. ಮಾತು ಮರೆಸಲು ಗೋಡೆಯ ಕಡೆ ತಿರುಗಿದರು. ಅಲ್ಲಿ ಎದೆಗೂಡು ತೆರೆದಿಟ್ಟ ದೊಡ್ಡ ಚಿತ್ರವಿತ್ತು.

"ಇದೆಲ್ಲ ಏನವ್ವ, ಇಷ್ಟು ಇಕ್ಕಟ್ಟಲ್ಲಿ?"

"ಎರಡು ಶ್ವಾಸಕೋಶದ ನಡುವಿನ ಜಾಗ ಅಪ್ಪಾಜಿ. ಮುಂದೆ ಹೃದಯ. ಹಿಂದೆ ಇದು ಉಸಿರಿನ ಕೊಳವೆ, ಅದಕ್ಕೂ ಹಿಂದೆ ಅನ್ನನಾಳ. ಈ ಕೆಂಪಗಿರೋದು ಹೃದಯದಿಂದ ಮೇಲೆದ್ದು ಬಾಗಿ ಕೆಳಗಿಳಿಯೋ ದೊಡ್ಡ ರಕ್ತನಾಳ."

"ಈ ಹಳದಿ ದಾರ?"

"ದನಿಯ ನರ. ತಲೆಯಿಂದ ಇಳಿದು ಎದೆಗೆ ಬಂದು, ಆ ಬಾಗಿನ ಅಡಿ ನುಸುಳಿ, ಮತ್ತೆ ಗಂಟಲಿಗೆ ಹತ್ತುತ್ತೆ."

ಷಡಕ್ಷರಪ್ಪ ಮೂವತ್ತೊಂದು ವರ್ಷ ಉಕ್ಕಿನ ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದವರು. "ಗಂಟಲಿಗೆ ಹೋಗೋ ಲೈನನ್ನ ಎದೆಗಂಟ ಎಳೆದು ತಿರುಗಿಸೋದಾ? ಯಾವನವ್ವ ಇದನ್ನ ಹಾಕಿದ ಫಿಟ್ಟರು!" ಎಂದು ನಕ್ಕರು, ನಕ್ಕು ಕೆಮ್ಮಿದರು. ಬೆರಳು ಹಳದಿ ದಾರದ ಮೇಲೆಯೇ ಇಳಿದು, ಬಾಗಿನ ಅಡಿಗೆ ಬಂದು ನಿಂತಿತು.

"ಇಲ್ಲೇನಾರ ಒತ್ತಿದ್ರೆ ದನಿ ಹೋಗ್ತದೆ."

ವಿದ್ಯಾಶ್ರೀ ಯಂತ್ರದ ಹಲಗೆಯ ಮೇಲಿನ ಹಾಸು ಸರಿಪಡಿಸತೊಡಗಿದಳು. ಷಡಕ್ಷರಪ್ಪ ಹೆಂಡತಿಯ ಕಡೆ ತಿರುಗಿದರು. ಮುಖದಲ್ಲಿ ಹೆದರಿಕೆ ಕಾಣುತ್ತಿತ್ತು. ಮುಚ್ಚಿಡುವ ಹುಮ್ಮಸ್ಸೂ ಉಳಿದಿರಲಿಲ್ಲ.

"ಹಾಲಮ್ಮ, ಇದನ್ನ ತೆಗೆದ್ಮೇಲೂ ಆ ನೆರಳು ಅಲ್ಲೇ ಇದ್ರೆ?"

ಈ ಮನುಷ್ಯ ಹದಿನೈದು ದಿನದಿಂದ ಬೆಳಿಗ್ಗೆ ಪೂಜೆಗೆ ಕೂತವರು ಒಂದೊಂದು ಗಂಟೆ ಏಳದೆ ಇದ್ದದ್ದು ನೆನಪಾಗಿ ಹಾಲಮ್ಮ ಒಳಗೆ ಬಂದು ಪಕ್ಕದಲ್ಲಿ ನಿಂತರು. "ಇದ್ರೆ ಇರ್ಲಿ. ಇದೆ ಅಂತ ಗೊತ್ತಾದ್ರೆ ತಾನೆ ಔಷಧಿ ಮಾಡೋದು? ನಾನಿಲ್ವಾ?" ಎಂದರು.

"ಅಪ್ಪಾಜಿ," ವಿದ್ಯಾಶ್ರೀ ಮೆಲ್ಲಗೆ ಹೇಳಿದಳು, "ಹೆಂಗಿದ್ರೂ ಎರಡು ಕೈನೂ ತಲೆ ಮೇಲೆ ಎತ್ತಿ ಮಲಗಬೇಕು. ಬೆಳ್ಳಿ ಅಮ್ಮನ ಹತ್ರ ಇರ್ಲಿ, ಲಿಂಗ ನಿಮ್ಮ ಅಂಗೈಲೇ ಇರ್ಲಿ. ಮೈ ಬಿಟ್ಟಂಗೂ ಆಗಲ್ಲ."

ಷಡಕ್ಷರಪ್ಪ ಕರಡಿಗೆ ಬಿಚ್ಚಿ, ವಸ್ತ್ರದಲ್ಲಿ ಸುತ್ತಿದ್ದ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಂಡರು. ಕೈ ಎತ್ತಿ ಮಲಗಿದರು. ಮಲಗುಹಲಗೆ ಯಂತ್ರದ ಬಳೆಯೊಳಗೆ ಸರಿಯಿತು. "ಉಸಿರು ಹಿಡೀರಿ" ಎಂದಾಗ ಹಿಡಿದರು, "ಬಿಡ್ರಿ" ಎಂದಾಗ ಬಿಟ್ಟರು.

ಹತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ಹೊರಬರುವಾಗ ಪಕ್ಕದ ಕೋಣೆಯ ಬಾಗಿಲು ತೆರೆದಿತ್ತು. ಪರದೆಯ ಮೇಲೆ, ಗೋಡೆಯ ಚಿತ್ರದ ಹಾಗೆಯೇ, ಅವರ ಎದೆ. ವಿದ್ಯಾಶ್ರೀ ಎದ್ದು ಅಡ್ಡ ನಿಲ್ಲುವಷ್ಟರಲ್ಲಿ ಫಿಟ್ಟರನ ಕಣ್ಣು ಬೇಕಾದ ಜಾಗಕ್ಕೆ ಹೋಗಿಬಿಟ್ಟಿತ್ತು. ಬಾಗಿನ ಅಡಿ, ಚಿತ್ರದಲ್ಲಿ ಖಾಲಿಯಿದ್ದ ಕಡೆ, ನಿಂಬೆಹಣ್ಣಿನಷ್ಟು ದಪ್ಪ ಏನೋ ಕೂತಿತ್ತು.

"ರಿಪೋರ್ಟು ನಾಳೆ ಅಪ್ಪಾಜಿ. ಡಾಕ್ಟರೇ ಹೇಳ್ತಾರೆ."

"ಆಯ್ತವ್ವ. ನಿನ್ನ ತಪ್ಪೇನಿದೆ."

ಹಾಲಮ್ಮ ಖಾಲಿ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕುಳಿತಿದ್ದರು. ಷಡಕ್ಷರಪ್ಪ ಪಕ್ಕದಲ್ಲಿ ಕುಳಿತು ಲಿಂಗವನ್ನು ಕರಡಿಗೆಯೊಳಗಿಟ್ಟು ಮುಚ್ಚಳ ಹಾಕಿದರು.

"ನೆರಳಲ್ಲ ಕಣೆ," ಎಂದರು. "ಐತೆ."

ಹಾಲಮ್ಮ ಎದ್ದರು. ಅವರ ಬೆನ್ನ ಹಿಂದೆ ಹೋಗಿ ಶಿವದಾರದ ಎರಡು ತುದಿ ಹಿಡಿದುಕೊಂಡರು. ದಾರ ಎರಡು ಸಲ ಜಾರಿತು.

"ಬಿಗಿ ಆಯ್ತೇನ್ರಿ?"

"ಇಲ್ಲ, ಸಾಲದು. ಇನ್ನೂ ಬಿಗಿಯಾಗಿ ಕಟ್ಟು."

ಹಾಲಮ್ಮ ಬಿಚ್ಚಿ ಮತ್ತೆ ಕಟ್ಟತೊಡಗಿದರು.